ಅವಳು ಕಂಡ ಹಸಿರು

ಮೊನ್ನೆ ಹಳೆಯ ಪೆಟ್ಟಿಗೆಯಲ್ಲಿ ದೇವದಾರು ಎಣ್ಣೆಯ ಪುಟ್ಟ ಸೀಸೆ ಸಿಕ್ಕಿತು. ರಕ್ತ ಸವರಿದ ಗಾಜಿನ ಮೇಲೆ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಹುಡುಕುತ್ತಿದ್ದ ಎಣ್ಣೆ ಅದು. ಬಿರಡೆ ತೆಗೆದೊಡನೆ ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಆ ಕೋಣೆ, ಪಕ್ಕದ ಕುರ್ಚಿಯಲ್ಲಿ ಅವಳು...

ಅವಳು ನನ್ನ ಕಿರಿಯ ಸಹೋದ್ಯೋಗಿ, ಕಾಲೇಜು ಕಲಿತವಳು. ನಾನು ನಿಘಂಟು ಹಿಡಿದು ಇಂಗ್ಲಿಷ್ ಪುಸ್ತಕ ಓದಿ, ಅಲ್ಲಿದ್ದುದನ್ನು ಗಾಜಿನ ಮೇಲೆ ಕಂಡ ನಂತರವಷ್ಟೇ ನಂಬಿದವನು. ಹೊಸ ಶತಮಾನದ ಮೊದಲ ವರ್ಷಗಳವು. ತರಬೇತಿಗೆಂದು ಬೆಂಗಳೂರಿಗೆ ಹೋದವಳು ಅಲ್ಲಿಯ ಸಂಶೋಧನಾಲಯವೊಂದರಲ್ಲಿ ಜೀವಂತ ಮಲೇರಿಯಾ ಪರಾವಲಂಬಿ ಹಸಿರಾಗಿ ಹೊಳೆಯುವುದನ್ನು ಕಂಡು ಬಂದಳು. ಅದರ ಒಂದು ಪ್ರೋಟೀನಿಗೆ ಹೊಳೆಯುವ ಮತ್ತೊಂದನ್ನು ಜೋಡಿಸಿದ್ದರಂತೆ. ಪ್ರೋಟೀನು ಹೋದಲ್ಲೆಲ್ಲ ಹಸಿರೂ ಹೋಗುತ್ತದಂತೆ. ಚಹಾದ ಹೊತ್ತಿಗೆ ಎಲ್ಲರೂ ಅವಳ ಸುತ್ತ. ಮೂವತ್ತು ವರ್ಷ ನಾನು ನೋಡಿದ್ದೆಲ್ಲ ಬಣ್ಣದಲ್ಲಿ ಅದ್ದಿದ ಸತ್ತ ಜೀವಿಗಳು.

"ಬೀಜದ ಹೊಲದಾಗ ಕ್ರಾಸ್ ಮಾಡಿದ ಹೂವಿಗೆ ಗುರುತಿಗೆ ದಾರ ಕಟ್ಟತಾರಲ್ಲ ಕಾಕಾ, ಹಂಗ ರೀ," ಎಂದಳು.

"ದಾರದ ಭಾರಕ್ಕ ಹೂವು ಬಾಗಿದ್ರ, ಅದು ಹೂವಿನ ಗುಣಾ ಅಂತೀಯೇನವಾ?"

ಕಾಕಾನ ಹೊಟ್ಟೆಯಲ್ಲಿರುವುದು ಬರೀ ಬಣ್ಣದ ಬ್ಯಾಡಗಿ ಮೆಣಸಿನಕಾಯಿಯಲ್ಲ, ಉರಿಯುವ ಗುಂಟೂರಿನದು ಎಂದು ಕಂಪೌಂಡರ್ ಎಲ್ಲರನ್ನೂ ನಗಿಸಿದ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಅವಳು ಮಾತ್ರ ನಗಲಿಲ್ಲ. ನನ್ನ ಪ್ರಶ್ನೆಯನ್ನು ನನ್ನ ಹೆಸರಿನಲ್ಲೇ ಆ ಸಂಶೋಧನಾಲಯಕ್ಕೆ ಬರೆದಳು. ಉತ್ತರ ಬಂತು: ಸಂದೇಹ ಸರಿಯಾದದ್ದೇ, ಜೋಡಣೆಯಿಂದ ಪ್ರೋಟೀನು ದಾರಿ ತಪ್ಪುವುದುಂಟು, ಅದನ್ನು ಪ್ರತಿ ಸಲವೂ ಪರೀಕ್ಷಿಸುತ್ತೇವೆ, ಇಬ್ಬರೂ ಬಂದು ನೋಡಿ. ಕಾಗದದಲ್ಲಿ ನನ್ನ ಹೆಸರೇ ಮೊದಲಿತ್ತು. ಆದರೂ ಅವಳ ಕೃಪೆಯಿಂದ ಬಂದ ಕರೆ ಎಂಬುದು ನನ್ನನ್ನು ಚುಚ್ಚಿತು.

"ಅವರು ಕರದದ್ದು ನಿನ್ನ. ನೀನ ಹೋಗು."

"ಖರೇ ಹೇಳ್ರಿ ಕಾಕಾ. ನೋಡಬೇಕಂತ ಆಸೆ ಇಲ್ಲೇನು?"

ನಾನು ಸೂಕ್ಷ್ಮದರ್ಶಕದ ಮೇಲೆ ಬಾಗಿದೆ. ಅದರಡಿ ರಕ್ತ ಸವರಿದ ಗಾಜೇ ಇರಲಿಲ್ಲ. ಅವಳಿಗೂ ಅದು ಕಾಣುತ್ತಿತ್ತು... ಹೊರಟುಹೋದಳು. ಬೆಂಗಳೂರಿಗೆ ತಾನೂ ಹೋಗಲಿಲ್ಲ.

ಮುಂದೆ ಅವಳಿಗೆ ಹಾವೇರಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ, ಕಾಯಿಲೆಯಿಂದ ತೀರಿಕೊಂಡಳೆಂದು ಹಾವೇರಿ ಹತ್ತಿರದ ಅಗಡಿಯಿಂದ ಬಂದ ಪರಿಚಿತರೊಬ್ಬರು ಹೇಳಿದರು. ಮಣ್ಣಾಗಿ ವಾರ ಕಳೆದಿತ್ತು.

ಹೊಳೆಯುವ ಪರಾವಲಂಬಿಯ ಅಂಥ ಚಿತ್ರಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಹಲವನ್ನು ನೋಡಿದ್ದೇನೆ. ಅವಳು ಹೇಳಿದಷ್ಟು ಹಸಿರಾಗಿ ಒಂದೂ ಇಲ್ಲ. ಅಲ್ಲವೆಂದು ವಾದಿಸಲು ಅವಳಿಲ್ಲ.