ಬಂಡೆಗೋಡೆಯ ಕೋಣೆ

ವಿಜಯವಾಡದಲ್ಲಿ ನಮ್ಮ ಮನೆ ಗುಡ್ಡದ ಇಳಿಜಾರಿನಲ್ಲಿದೆ. ಕೆಳಗಿನ ಕೋಣೆಯ ಹಿಂಗೋಡೆ ಎಂದರೆ ಕಡಿದ ಬಂಡೆಯೇ. ಅದಕ್ಕೇ ಸುಣ್ಣ ಬಳಿದಿದ್ದಾರೆ. ಮೇ ತಿಂಗಳಲ್ಲೂ ತಂಪಾಗಿರುತ್ತಿದ್ದ ಆ ಕೋಣೆ ನನ್ನ ಅತ್ತೆಯದು. ಬಳ್ಳಾರಿಯಿಂದ ಈ ತೆಲುಗು ಮನೆಗೆ ಸೊಸೆಯಾಗಿ ಬಂದವರು ಅವರು. ಮಧ್ಯಾಹ್ನವೆಲ್ಲ ಕದ ಮುಚ್ಚಿಕೊಂಡು ಅಲ್ಲೇ ಮಲಗುತ್ತಿದ್ದರು.

ನಾನು ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ವಿಕಿರಣ ಅಳೆಯುವ ಬ್ಯಾಡ್ಜ್ ಎದೆಗೆ ಸಿಕ್ಕಿಸದೆ ಕೆಲಸಕ್ಕೆ ನಿಲ್ಲುವುದಿಲ್ಲ. ಆದರೂ, ವಿಶಾಖಪಟ್ಟಣದಲ್ಲಿ ಸಂಶೋಧನೆ ಮಾಡುವ ಗೆಳತಿ ಮನೆಗೆ ಬಂದು ಆ ಬಂಡೆ ಮುಟ್ಟಿ, "ಇಲ್ಲಿ ರೇಡಾನ್ ಎಷ್ಟಿದೆ ಅಂತ ನೋಡಿಸಿದ್ದೀಯಾ?" ಎಂದು ಕೇಳುವವರೆಗೆ ನನಗದು ಹೊಳೆದಿರಲಿಲ್ಲ. ಬಂಡೆಯಿಂದ ಹೊರಡುವ, ಬಣ್ಣ ವಾಸನೆ ಇಲ್ಲದ ಅನಿಲವದು. ಗಾಳಿಯಾಡದ ಕೋಣೆಯಲ್ಲಿ ಸೇರಿಕೊಂಡರೆ ವರ್ಷಗಳು ಕಳೆದಂತೆ ಶ್ವಾಸಕೋಶಕ್ಕೆ ಕೇಡು.

ಅವಳು ಮೂರು ಪುಟ್ಟ ಡಬ್ಬಿ ಕಳಿಸಿದಳು, ಒಳಗೆ ರೇಡಾನ್ ಗುರುತು ಹಿಡಿಯುವ ಫಿಲ್ಮ್ ಚೂರು. ಮೂರು ತಿಂಗಳು ಕೋಣೆಗಳಲ್ಲಿ ತೂಗುಹಾಕಿ ವಾಪಸ್ ಕಳಿಸಬೇಕು.

ಸುದ್ದಿ ಓಣಿಗೆ ಮುಟ್ಟಿತು. ಗುಡ್ಡದ ನಿವಾಸಿಗಳ ಸಂಘದ ಹಿರಿಯರೊಬ್ಬರು ಬಂದು ತೆಲುಗಿನಲ್ಲಿ ಮೆತ್ತಗೆ ಹೇಳಿದರು: "ಅಮ್ಮಾ, ಅರ್ಧ ಓಣಿಗೆ ಇನ್ನೂ ಪಟ್ಟಾ ಸಿಕ್ಕಿಲ್ಲ. ಗುಡ್ಡದಲ್ಲಿ ವಿಷ ಇದೆ ಅಂತ ನೀವೇ ಬರೆಸಿಕೊಟ್ಟರೆ ನಮ್ಮನ್ನು ಒಕ್ಕಲೆಬ್ಬಿಸೋದಕ್ಕೆ ಸರ್ಕಾರಕ್ಕೆ ಅದೊಂದು ನೆಪ ಸಾಕು. ಆ ಡಬ್ಬಿ ತೆಗೆದುಬಿಡಿ."

ಅವರ ಭಯ ಸುಳ್ಳೇನಲ್ಲ. ನನ್ನ ಗಂಡನೂ "ಬಿಟ್ಟುಬಿಡು" ಎಂದರು.

"ತೆಗೆಯೋದಿಲ್ಲ, ಬಾಬಾಯಿಗಾರೂ," ಎಂದೆ, ಚಿಕ್ಕಪ್ಪ ಎಂದು ಕರೆಯುವ ಸಲುಗೆಯಲ್ಲೇ. "ಅಳೆಯದೆ ಬಿಟ್ಟರೆ ಗಾಳಿ ಶುದ್ಧ ಆಗುತ್ತದಾ?"

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. "ಮಾ ಇಲ್ಲು, ಮಾ ಊಪಿರಿ," ಎಂದರು ಅವರಿಗೆ; ನಮ್ಮ ಮನೆ, ನಮ್ಮ ಉಸಿರು ಎಂದು. ಆಮೇಲೆ ನನ್ನ ಕಡೆ ತಿರುಗಿ, "ಯಾರ್ ಬಂದ್ರೂ ಡಬ್ಬಿ ಮುಟ್ಟಾಕ ಬಿಡಬ್ಯಾಡ. ನಾನಿಲ್ಲೇ ಕುಂದ್ರತೀನಿ," ಎಂದರು.

ಮೂರು ತಿಂಗಳೂ ಕಾವಲು ಕಾದರು. ವರದಿ ಬಂತು. ಮೇಲಿನ ಕೋಣೆಗಳಿಗೆ ತೊಂದರೆಯಿಲ್ಲ. ಅತ್ತೆಯ ಕೋಣೆಯಲ್ಲಿ ಮಾತ್ರ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಆ ಕೋಣೆಗೆ ಬೀಗ ಹಾಕೋಣ ಎಂದರು ನನ್ನ ಗಂಡ.

"ನನ್ನ ರೂಮು ನಾ ಬಿಡಂಗಿಲ್ಲ. ಗ್ವಾಡಿ ಒಡೀರಿ, ಕಿಟಕಿ ಇಡ್ರಿ," ಎಂದರು ಅತ್ತೆ.

ಕೆಲಸ ಮುಗಿಯುವವರೆಗೆ ಮುಖ ಊದಿಸಿಕೊಂಡು ಮಹಡಿಯಲ್ಲಿದ್ದರು. ಅಕ್ಕಪಕ್ಕದ ಗೋಡೆಗಳಲ್ಲಿ ಎದುರುಬದುರು ಎರಡು ಕಿಟಕಿ ತೆರೆಸಿದೆವು. ಬಂಡೆ, ನೆಲ ಕೂಡುವಲ್ಲಿದ್ದ ಬಿರುಕಿಗೆ ಸಿಮೆಂಟ್ ತುಂಬಿಸಿ, ನೆಲದಡಿಯ ಗಾಳಿಯನ್ನು ಚಾವಣಿಯಾಚೆಗೆ ಎಳೆದು ಬಿಡಲು ಫ್ಯಾನಿರುವ ಪೈಪು ಹಾಕಿಸಿದೆವು. ಮತ್ತೆ ಅಳೆಸಿದಾಗ ರೇಡಾನ್ ಮಿತಿಯೊಳಗೆ ಇಳಿದಿತ್ತು.

ಎರಡೂ ವರದಿ ಹಿಡಿದು ಅತ್ತೆ, ನಾನು ಹಿರಿಯರ ಮನೆಗೆ ಹೋದೆವು. "ಇದು ನಮ್ಮನ್ನು ಎಬ್ಬಿಸೋ ಕಾಗದ ಅಲ್ಲ," ಎಂದೆ. "ರಿಪೇರಿ ಮಾಡಿಕೊಂಡು ಇಲ್ಲೇ ಇರಬಹುದು ಅನ್ನೋದಕ್ಕೆ ಸಾಕ್ಷಿ. ಪಟ್ಟಾ ಕೇಳೋವಾಗ ರಿಪೇರಿಗೂ ನೆರವು ಕೇಳೋಣ." ಅವರು ಕಾಗದ ಮುಟ್ಟಲಿಲ್ಲ. ಅವರ ಸೊಸೆ ಮಾತ್ರ ಮೆಟ್ಟಿಲವರೆಗೆ ಬಂದು, "ಅಕ್ಕಾ, ನಮ್ಮ ತೊಟ್ಟಿಲು ಬಂಡೆ ಪಕ್ಕದಲ್ಲೇ ಇದೆ. ನನಗೂ ಒಂದು ಡಬ್ಬಿ ತರಿಸಿಕೊಡಿ," ಎಂದಳು.

ಮುಂದಿನ ರಜೆಯ ದಿನ ವಿಶಾಖಪಟ್ಟಣದ ರೈಲು ಹತ್ತಿ, ಒಂದು ಚೀಲ ಡಬ್ಬಿ ತಂದೆ. ಈಗ ಹಿರಿಯರ ಮನೆಯಲ್ಲೂ ಒಂದು ತೂಗುತ್ತಿದೆ. ಅವರು ಕಂಡೂ ಕಾಣದಂತೆ ಓಡಾಡುತ್ತಾರೆ. ಪಟ್ಟಾ ಇನ್ನೂ ಬಂದಿಲ್ಲ. ಕೇಳಲು ಹೋಗುವಾಗ ಅತ್ತೆಯೇ ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ.