ಉಳ್ಳಾಗಡ್ಡಿಯೊಳಗಿನ ಕುಂಕುಮ

ನಾನು ಒಂಬತ್ತು ವರ್ಷ ಕುಂಕುಮಕ್ಕೆ ಸಹಿ ಹಾಕಿದ್ದೇನೆ. ಬೇರೆಯವರು ಹೇಳಿದ್ದರೆ ಈ ಮಾತಿಗೆ ಒಂದಿಷ್ಟು ಪುಣ್ಯದ ವಾಸನೆ ಬರುತ್ತಿತ್ತು. ಹೇಳುತ್ತಿರುವವನು ಸಸ್ಯಶಾಸ್ತ್ರದ ಮಾಸ್ತರ ಆದ್ದರಿಂದ ಇದನ್ನು ತಪ್ಪೊಪ್ಪಿಗೆ ಎಂದೇ ಓದಿಕೊಳ್ಳಬೇಕು.

ತಪ್ಪು ತಿಳಿಯಬೇಕಾದರೆ ಮೊದಲು ನಮ್ಮ ಕಡೆಯ ಪ್ರಯೋಗಾಲಯವೆಂಬ ಪುಣ್ಯಕ್ಷೇತ್ರದ ಪರಿಚಯ ಆಗಬೇಕು. ಆಳಂದ, ಜೇವರ್ಗಿ, ಅಫಜಲಪುರ ಈ ಮೂರೂ ತಾಲೂಕುಗಳಲ್ಲಿ ನಾನು ಸಸ್ಯಶಾಸ್ತ್ರ ಕಲಿಸಿದ್ದೇನೆ. ಕಾಲೇಜುಗಳ ಹೆಸರು ಹೇಳುವುದಿಲ್ಲ. ಅವುಗಳ ಮಾನಕ್ಕಿಂತ ನನ್ನ ಪಿಂಚಣಿಯ ಚಿಂತೆ ನನಗೆ ಹೆಚ್ಚು. ಆಳಂದದ ಕಡೆ ಇದ್ದಾಗ ನಮ್ಮಲ್ಲಿ ಒಣಗಿಸಿದ ಗಿಡಗಳನ್ನು ಅಂಟಿಸಿಟ್ಟ ಹಾಳೆಗಳ ದೊಡ್ಡ ಸಂಗ್ರಹವಿತ್ತು. ಕಪಾಟು ತೆರೆದು ನೋಡಿದರೆ ಹಾಳೆಯಿತ್ತು, ಅಂಟಿತ್ತು, ಗಿಡದ ಹೆಸರು ಬರೆದ ಚೀಟಿಯೂ ಇತ್ತು. ಗಿಡ ಮಾತ್ರ ಹುಳುವಿನ ಹೊಟ್ಟೆಯಲ್ಲಿತ್ತು. ಪ್ರಾಣಿಶಾಸ್ತ್ರದವರು ಬಂದು ಆ ಕಪಾಟು ತಮಗೆ ಸೇರಬೇಕೆಂದು ವಾದಿಸಿದ್ದರೆ ನಾನು ಬಿಟ್ಟುಕೊಡಬೇಕಾಗುತ್ತಿತ್ತು.

ಜೇವರ್ಗಿಯ ಕಡೆಗೆ ಬಂದಾಗ ಕಾಲ ಮುಂದುವರಿದಿತ್ತು. ಅಂಗಾಂಶ ಕೃಷಿಯ ಘಟಕವೇ ಬಂದಿತ್ತು. ಅಂದರೆ ಗಿಡದ ಒಂದು ತುಣುಕನ್ನು ಗಾಜಿನ ಬಾಟಲಿಯಲ್ಲಿಟ್ಟು ಪೂರ್ತಿ ಗಿಡ ಬೆಳೆಸುವ ಏರ್ಪಾಡು. ಸಸಿಗಳಿಗೆಂದು ತಂಪು ಕೋಣೆ ಕಟ್ಟಿದ್ದರು. ಕಾಲೇಜಿನಲ್ಲಿ ತಂಪು ಇದ್ದದ್ದು ಅದೊಂದೇ ಕೋಣೆ ಆದ್ದರಿಂದ ಬೇಸಿಗೆಯಲ್ಲಿ ಅಲ್ಲಿ ಅತಿಥಿಗಳೇ ಚಿಗುರಿದರು. ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ದೊಡ್ಡ ಪಾತ್ರೆಯೂ ಒಂದಿತ್ತು. ಪರಿಶೀಲನೆಗೆ ಸಮಿತಿ ಬಂದ ದಿನ ಅದರಲ್ಲಿ ಮೂವತ್ತು ಮಂದಿಗೆ ತೊಗರಿ ಬೇಳೆ ಬೇಯಿಸಿದರು. ಬೇಳೆ ಬೆಣ್ಣೆಯಂತೆ ಬೆಂದಿತ್ತು. ಉಪಕರಣಗಳ ಬಳಕೆ ಉತ್ತಮವಾಗಿದೆ ಎಂದು ಸಮಿತಿ ಬರೆದುಕೊಟ್ಟು ಹೋಯಿತು. ಅಷ್ಟರಮಟ್ಟಿಗೆ ಅವರು ಸುಳ್ಳು ಬರೆದಿರಲಿಲ್ಲ.

ಕೊನೆಗೆ ಅಫಜಲಪುರದ ಕಡೆಗೆ ಬಂದೆ. ಇಲ್ಲಿಯ ಕಪಾಟಿನಲ್ಲಿ ಹತ್ತು ಹೊಸ ಸೂಕ್ಷ್ಮದರ್ಶಕಗಳಿದ್ದವು, ಹತ್ತೂ ಡಬ್ಬಿಯೊಳಗೆ. ಕೀಲಿಕೈ ಗುಂಡಪ್ಪನ ಉಡದಾರದಲ್ಲಿತ್ತು. ಗುಂಡಪ್ಪ ಪ್ರಯೋಗಾಲಯದ ಸಿಪಾಯಿ. ನನಗಿಂತ ಮೊದಲು ಬಂದವನು, ಆದ್ದರಿಂದ ನನ್ನ ಮೇಲಿನ ಅಧಿಕಾರಿ. ಬಂದ ಹೊಸತರಲ್ಲಿ ನಾನು ಡಬ್ಬಿ ತೆಗೆಸಲು ಹೋದೆ.

“ಒಂದು ಒಡದರ ಯಾರ ಜಿಮ್ಮೇದಾರಿರಿ ಸರ?” ಎಂದ ಗುಂಡಪ್ಪ. “ನೋಡಾಕ ಹಳೇದು ಅದ ಅಲ್ರಿ. ಉಳ್ಳಾಗಡ್ಡಿ ನೋಡಾಕ ಹೊಸಾದ ಬೇಕೇನ್ರಿ?”

ಉಳ್ಳಾಗಡ್ಡಿಯ ಬಗ್ಗೆ ಇಷ್ಟು ತಾತ್ಸಾರ ಒಳ್ಳೆಯದಲ್ಲ ಎಂದುಕೊಳ್ಳುತ್ತ ವಾಪಸು ಬಂದೆ. ಹೀಗಾಗಿ ಮೂರು ವರ್ಷದ ಪದವಿಯ ಹುಡುಗರಿಗೆಲ್ಲ ಒಂದೇ ಹಳೆಯ ಸೂಕ್ಷ್ಮದರ್ಶಕ. ಅದರ ಮುಂದೆ ರೇಶನ್ ಅಂಗಡಿಯ ಸಾಲು. ಒಬ್ಬೊಬ್ಬರೂ ಅರ್ಧ ನಿಮಿಷ ಕಣ್ಣಿಟ್ಟು, ಉಳ್ಳಾಗಡ್ಡಿಯ ತೆಳುಪೊರೆ ನೋಡಿ, ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ತೆಗೆಯುತ್ತಿದ್ದರು. ಇಟ್ಟಿಗೆ ಜೋಡಿಸಿದಂತೆ ಕೋಶಗಳು. ನಡುವಿನಿಂದ ತುಸು ಎಡಕ್ಕೆ ಒಂದೇ ಒಂದು ಕೋಶದಲ್ಲಿ ಚೆಂದದ ಕೆಂಪು ಚುಕ್ಕೆ. ಅದರ ಪಕ್ಕಕ್ಕೆ ಗೆರೆ ಎಳೆದು ‘ಕೋಶಕೇಂದ್ರ’ ಎಂದು ಬರೆಯುವುದು, ಕೆಳಗೆ ನಾನು ಸಹಿ ಹಾಕುವುದು. ಮಿಕ್ಕ ಕೋಶಗಳಿಗೇಕೆ ಕೇಂದ್ರವಿಲ್ಲ ಎಂದು ಯಾರಾದರೂ ಕೇಳಿದರೆ, ಅವು ಬೇರೆ ಪಾತಳಿಯಲ್ಲಿವೆ ಎಂದು ಗಂಭೀರವಾಗಿ ಹೇಳುತ್ತಿದ್ದೆ. ಪಾತಳಿ ಎಂಬ ಮಾತಿಗೆ ಮರುಪ್ರಶ್ನೆ ಬರುವುದಿಲ್ಲವೆಂಬುದು ನನ್ನ ದೀರ್ಘ ಸೇವೆಯ ಸಂಶೋಧನೆ.

ಇಲ್ಲಿಗೆ ನೀಲಮ್ಮ ಬರುತ್ತಾಳೆ. ಅತನೂರಿನವಳು, ಕೊನೆಯ ವರ್ಷದ ವಿದ್ಯಾರ್ಥಿನಿ. ಎಂ.ಎಸ್ಸಿ. ಓದಬೇಕೆಂದು ಹಟ ಹಿಡಿದವಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ನಾಲ್ಕು ಅಂಕ ಹೋದರೂ ಆಕೆಯ ಸೀಟು ಹೋಗುತ್ತದೆಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪರೀಕ್ಷೆಗೆ ಒಂದು ವಾರವಿದ್ದಾಗ ಆಕೆ ಸಾಲಿನಲ್ಲಿ ಅರ್ಧ ನಿಮಿಷದ ಬದಲು ಹತ್ತು ನಿಮಿಷ ನಿಂತಳು. ಹಿಂದಿನವರು ಗೊಣಗಿದರು.

“ಸರ, ನಾ ಉಳ್ಳಾಗಡ್ಡಿ ಸರಸಿದ್ರ ಎಲ್ಲಾ ಸರೀತದರಿ. ಈ ಕೆಂಪು ಚುಕ್ಕಿ ಅಷ್ಟ ಇದ್ದಲ್ಲೇ ಇರ್ತದ.”

“ಪಾತಳಿ...” ಎಂದು ನಾನು ಶುರುಮಾಡಿದೆ.

“ಉಳ್ಳಾಗಡ್ಡಿ ತೆಗದ ಬಿಟ್ಟೇನ್ರಿ ಸರ. ಬರೇ ಗಾಜು ಅದ. ಚುಕ್ಕಿ ಇನ್ನೂ ಅದ.”

ಅಷ್ಟಕ್ಕೇ ನಿಲ್ಲದೆ ಮರುದಿನ ಔಷಧದ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಅಯೋಡಿನ್ ತಂದು ಒಂದು ಹನಿ ಪೊರೆಯ ಮೇಲೆ ಬಿಟ್ಟಳು. ಕೋಶಕೇಂದ್ರ ಎದ್ದು ಕಾಣಲೆಂದು ಹಾಕುವ ಬಣ್ಣದ ಬಾಟಲಿ ನನ್ನ ಪ್ರಯೋಗಾಲಯದಲ್ಲಿ ಸತ್ತು ಯಾವ ಕಾಲವಾಗಿತ್ತೋ. ಆಕೆಯ ಹನಿ ಬಿದ್ದದ್ದೇ ಪ್ರತಿಯೊಂದು ಕೋಶದಲ್ಲೂ, ಗೋಡೆಗೆ ಒರಗಿಕೊಂಡಂತೆ, ತಿಳಿ ಕಂದು ಬಣ್ಣದ ಕೇಂದ್ರ ಕಾಣಿಸಿಕೊಂಡಿತು. ಎಲ್ಲವೂ ಒಂದೇ ಪಾತಳಿಯಲ್ಲಿದ್ದವು. ಅವುಗಳ ನಡುವೆ ನಮ್ಮ ಕೆಂಪು ಚುಕ್ಕೆ, ಕರೆಯದೆ ಬಂದ ಬೀಗನಂತೆ ಕುಳಿತಿತ್ತು.

ಅದರ ಮೂಲ ನನಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಗುಂಡಪ್ಪ ಪ್ರಯೋಗಾಲಯದ ಎಲ್ಲ ಉಪಕರಣಗಳನ್ನೂ ಪೂಜಿಸುತ್ತಿದ್ದ. ಡಬ್ಬಿಯೊಳಗಿನವಕ್ಕೆ ಡಬ್ಬಿಯ ಮೇಲೆಯೇ ವಿಭೂತಿ. ಹೊರಗಿದ್ದ ಒಂದಕ್ಕೆ ವಿಶೇಷ ಭಕ್ತಿ: ಅಳಿಸಿಹೋಗಬಾರದೆಂದು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು, ಯಂತ್ರದ ಕಣ್ಣು ಎಲ್ಲಿದೆಯೋ ಅಲ್ಲಿಗೇ ಹಚ್ಚುತ್ತಿದ್ದ. ಮೇಲಿನದನ್ನು ಹುಡುಗರ ರೆಪ್ಪೆ ಒರೆಸುತ್ತಿತ್ತು. ಎಂದೋ ಒಂದು ಹನಿ ಕಣ್ಣಿಡುವ ಮೇಲಿನ ಕೊಳವೆಯ ಸಂದಿನಿಂದ ಜಾರಿ ಅದರೊಳಗಿನ ಗಾಜಿನ ಮೇಲೆ ಕೂತು, ಒಂಬತ್ತು ವರ್ಷ ಕೋಶಕೇಂದ್ರವೆಂದು ನನ್ನ ಸಹಿ ಪಡೆಯಿತು.

ಒರೆಸಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಗುಂಡಪ್ಪ ಒಪ್ಪಲಿಲ್ಲ ಎಂದು ನಾನು ಊರಿಗೆಲ್ಲ ಹೇಳಿದ್ದೇನೆ. “ಪೂಜಾ ಮಾಡಿದ್ದು ತೊಳೀಬಾರ್ದರಿ” ಎಂದು ಆತ ಅಂದದ್ದೂ ನಿಜ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಚುಕ್ಕೆ ಹೋದರೆ ಆಕೆಯ ತರಗತಿಯ ಉಳಿದ ಹತ್ತೊಂಬತ್ತು ಮಂದಿಯ ರೆಕಾರ್ಡುಗಳು ಪರೀಕ್ಷಕರ ಎದುರಿಗೇ ಸುಳ್ಳಾಗುತ್ತಿದ್ದವು, ಅವುಗಳ ಕೆಳಗಿನ ಸಹಿಯ ಸಮೇತ. ಆದ್ದರಿಂದ ನೀಲಮ್ಮನನ್ನೇ ಕರೆದು ಹೇಳಿದೆ: “ಪರೀಕ್ಷಾದಾಗ ಎಲ್ಲಾರಂಗ ಚುಕ್ಕಿ ಬರಿಯವ್ವ. ಸೀಟು ಸಿಗಲಿ, ಆಮ್ಯಾಲ ಖರೇ ಮಾತಾಡೋಣು.”

ಆಕೆ “ನಿಮಗ ಅಂಜಿಕಿ ಬರ್ತದೇನ್ರಿ ಸರ?” ಎಂದು ಕೇಳಿ ಹೋದಳು.

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಬಂದರು. ಈ ಕಡೆ ಬರುವ ಪರೀಕ್ಷಕರು ಬೆಳಗ್ಗೆ ಗಾಣಗಾಪುರದಲ್ಲಿ ದರ್ಶನ ಮುಗಿಸಿಯೇ ಬರುವುದು ಪದ್ಧತಿ. ಇವರ ಹಣೆಯ ಮೇಲೂ ಗಂಧ ಇನ್ನೂ ಹಸಿಯಾಗಿತ್ತು. ಹತ್ತೊಂಬತ್ತು ಚಿತ್ರಗಳಿಗೆ ಸರಸರನೆ ಗುರುತು ಹಾಕಿದರು. ಇಪ್ಪತ್ತನೆಯದಕ್ಕೆ ಪೆನ್ನು ನಿಂತಿತು. ನೀಲಮ್ಮ ಕೋಶಕ್ಕೊಂದರಂತೆ ಗೋಡೆಯ ಪಕ್ಕ ಕೇಂದ್ರ ಬರೆದಿದ್ದಳು. ಕೆಂಪು ಚುಕ್ಕೆಯನ್ನೂ ಬಿಟ್ಟಿರಲಿಲ್ಲ. ಅದಕ್ಕೆ ಗೆರೆ ಎಳೆದು, ‘ಇದು ಉಳ್ಳಾಗಡ್ಡಿಯದಲ್ಲ’ ಎಂದು ಬರೆದಿದ್ದಳು.

ಪರೀಕ್ಷಕರು ಒಮ್ಮೆ ಕಣ್ಣಿಟ್ಟು ನೋಡಿದರು. ಚುಕ್ಕೆ ಅಲ್ಲಿಯೇ ಇತ್ತು. “ಎಲ್ಲಾರಿಗೂ ಕಂಡದ್ದು ನಿನಗೊಬ್ಬಾಕಿಗೆ ಉಳ್ಳಾಗಡ್ಡಿದಲ್ಲ ಏನವಾ?” ಎಂದು ಉತ್ತರದ ಮೇಲೆ ಅಡ್ಡಗೆರೆ ಎಳೆದರು.

ನೀಲಮ್ಮ ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ಜೀವಮಾನದಲ್ಲಿ ಗಂಟೆಗಟ್ಟಲೆ ಪಾಠ ಹೇಳಿದ ನನಗೆ ಐದು ಶಬ್ದ ಹೇಳಲು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

“ಸರ, ಮ್ಯಾಲಿನ ಕೊಳವಿ ತಿರುವಿ ನೋಡ್ರಿ,” ಎಂದೆ.

ಅವರು ತಿರುವಿದರು. ಉಳ್ಳಾಗಡ್ಡಿ ಇದ್ದಲ್ಲೇ ಇತ್ತು. ಕೋಶಕೇಂದ್ರ ಒಂದು ಕೋಶದಿಂದ ಹೊರಟು, ಗೋಡೆ ದಾಟಿ, ಇನ್ನೊಂದನ್ನು ಹೊಕ್ಕು, ಸಾವಕಾಶವಾಗಿ ಪ್ರದಕ್ಷಿಣೆ ಹಾಕಿತು. ಬೆಳಗ್ಗೆ ತಾವೂ ಅದನ್ನೇ ಮಾಡಿ ಬಂದವರಾದ್ದರಿಂದ ಪರೀಕ್ಷಕರಿಗೆ ತಕ್ಷಣ ತಿಳಿಯಿತು.

“ಏನ್ರಿ ಇದು?”

ಉತ್ತರ ಗುಂಡಪ್ಪನದು. “ಕುಂಕುಮರಿ ಸಾಹೇಬ್ರ. ಖಂಡೆ ಪೂಜಾದ್ದು. ಎಣ್ಣ್ಯಾಗ ಕಲಿಸಿ ಹಚ್ಚೇನಿ, ಹೋಗಂಗಿಲ್ಲ ಅದು.”

ನೀಲಮ್ಮನ ಅಡ್ಡಗೆರೆಯ ಮೇಲೆ ಪೂರ್ತಿ ಅಂಕ ಬಿತ್ತು. ಹತ್ತೊಂಬತ್ತು ಮಂದಿ ಕಂಡದ್ದನ್ನು ಕಂಡಂತೆ ಬರೆದಿದ್ದಾರೆಂದು ಅವರ ಅಂಕವನ್ನೂ ಪರೀಕ್ಷಕರು ಮುಟ್ಟಲಿಲ್ಲ. ಹೋಗುವಾಗ ರೆಕಾರ್ಡುಗಳ ಕಟ್ಟು ನನ್ನ ಕೈಗಿಟ್ಟು, “ನಿಮಗೆಷ್ಟು ಕೊಡ್ಲಿರಿ ಮಾಸ್ತರ?” ಎಂದರು. ಅದಕ್ಕೂ ಯಾವುದಾದರೂ ಪಾತಳಿ ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ.

ಆ ನಾಚಿಕೆಯಲ್ಲಿ ಹೊಸ ಡಬ್ಬಿಗಳು ಕೊನೆಗೂ ತೆರೆದವು. ಗುಂಡಪ್ಪ ಹೆರಿಗೆ ಮಾಡಿಸುವವನಂತೆ ಒಂದೊಂದನ್ನೇ ಹೊರಗೆ ತೆಗೆದ. ಗಾಳಿಯಾಡದೆ, ಬೆಳಕು ಕಾಣದೆ, ಹಲವು ಮಳೆಗಾಲ ಮಲಗಿದ್ದ ಆ ಗಾಜುಗಳ ಮೇಲೆ ಬೂಷ್ಟು ಬೆಳೆದಿತ್ತು, ಜೇಡರ ಬಲೆಯಷ್ಟು ನಾಜೂಕಾಗಿ, ಹತ್ತಕ್ಕೆ ಎಂಟರಲ್ಲಿ. ಮೂರು ತಾಲೂಕುಗಳ ನನ್ನ ಸೇವೆಯಲ್ಲಿ, ಪ್ರಯೋಗಾಲಯದ ಉಪಕರಣದಲ್ಲಿ ಏನಾದರೂ ಯಶಸ್ವಿಯಾಗಿ ಬೆಳೆದದ್ದನ್ನು ನೋಡಿದ್ದು ಅದೊಂದೇ ಸಲ.

ಈ ಸಲದ ಮಹಾನವಮಿಗೆ ಗುಂಡಪ್ಪ ಕುಂಕುಮದ ಬಟ್ಟಲು ಹಿಡಿದು ಬಂದು, ಎಲ್ಲಿ ಹಚ್ಚಲಿ ಎಂದು ಕೇಳಿದ. ಕಪಾಟಿನ ಕೀಲಿಗೆ ಹಚ್ಚು ಎಂದೆ. ನಮ್ಮಲ್ಲಿ ಒಂದು ದಿನವೂ ಕೆಡದೆ ಕೆಲಸ ಮಾಡಿದ ಯಂತ್ರ ಅದೇ. ಆತ ತಲೆದೂಗಿ ಹಚ್ಚಿದ.

ನೀಲಮ್ಮನಿಗೆ ಸೀಟು ಸಿಕ್ಕಿತು. ಮೊನ್ನೆ ಫೋನ್ ಮಾಡಿದ್ದಳು. ಅಲ್ಲಿ ದೊಡ್ಡ ಪ್ರಯೋಗಾಲಯವಂತೆ, ಒಬ್ಬೊಬ್ಬರಿಗೆ ಒಂದೊಂದು ಸೂಕ್ಷ್ಮದರ್ಶಕವಂತೆ. ಮೊದಲ ದಿನ ಈಕೆ ಕೂತವಳೇ ಮೇಲಿನ ಕೊಳವೆ ತಿರುವಿದಳಂತೆ. ಪಕ್ಕದವರು ಇದೇನು ಎಂದು ಕೇಳಿದರೆ, ನಮ್ಮ ಕಾಲೇಜಿನ ಪದ್ಧತಿ ಎಂದಳಂತೆ. ನನಗೆ ತುಸು ಹೆಮ್ಮೆಯೇ ಆಯಿತು. ಅಷ್ಟು ದೊಡ್ಡ ಜಾಗದಲ್ಲಿ ಅಂಥದ್ದೇನೂ ಇರಲಿಕ್ಕಿಲ್ಲ ಬಿಡವ್ವ ಎಂದೆ.

“ಇಲ್ಲೂ ಒಂದು ಚುಕ್ಕಿ ಅದರಿ ಸರ,” ಎಂದಳು. “ಬಣ್ಣ ಅಷ್ಟ ಬ್ಯಾರೆ.”