ಚಿಕೊಂಡಿಯ ಜೊತೆ ಉಮರ್ಗಾದಿಂದ ಉದಗೀರಕ್ಕೆ

ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ ಏಳರ ಬಸ್ಸಿಗೆ ನಾನು ಬಸವಕಲ್ಯಾಣ ಬಿಟ್ಟೆ. ಶಾಲು ಹೊದ್ದರೂ ಕೈ ಮರಗಟ್ಟುವ ಚಳಿ. ಮೂವತ್ತೆರಡು ವರ್ಷ ಸರಕಾರಿ ನರ್ಸಾಗಿ ಹಳ್ಳಿಹಳ್ಳಿ ತಿರುಗಿ ನಿವೃತ್ತಳಾದ ಮೇಲೆ ಇದು ನನ್ನ ಮೊದಲ ತಿರುಗಾಟ. ಉಮರ್ಗಾದ ಒಂದು ಮಹಿಳಾ ಮಂಡಳಕ್ಕೆ ಆಫ್ರಿಕಾದ ಮಲಾವಿ ದೇಶದಿಂದ ಆರೋಗ್ಯ ಕಾರ್ಯಕರ್ತೆಯೊಬ್ಬಳು ಬಂದಿದ್ದಳು. ಇಲ್ಲಿಯ ಹಳ್ಳಿಗಳಲ್ಲಿ ಹೆಂಗಸರ ಆರೋಗ್ಯದ ಕೆಲಸ ಹೇಗೆ ನಡೆಯುತ್ತದೆಂದು ಅವಳಿಗೆ ನೋಡಬೇಕಿತ್ತು. ಅವಳು ಮಾತಾಡುವುದು ಇಂಗ್ಲಿಷ್, ಗಡಿಯ ಹಳ್ಳಿಗಳಲ್ಲಿ ನಡೆಯುವುದು ಕನ್ನಡ, ಮರಾಠಿ. ನಡುವೆ ದುಭಾಷಿಯಾಗಿ ನಾನು. ಮೂರೇ ದಿನದ ಕೆಲಸ ಎಂದು ಎರಡು ಸೀರೆ ಇಟ್ಟುಕೊಂಡು ಹೊರಟಿದ್ದೆ.

ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಹುಡುಕಬೇಕಾಗಲಿಲ್ಲ. ಆರಡಿ ಎತ್ತರ, ಮೂವತ್ತೈದರ ಆಸುಪಾಸಿನ ವಯಸ್ಸು. ಸೊಂಟಕ್ಕೆ ತಿಳಿಹಳದಿ ಬಣ್ಣದ ದಪ್ಪ ಬಟ್ಟೆ ಸುತ್ತಿಕೊಂಡು, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಪೋಹೆ ತಿನ್ನುತ್ತಿದ್ದಳು. ಹೆಸರು ಚಿಕೊಂಡಿ. ಅವರ ಮಾತಿನಲ್ಲಿ ಪ್ರೀತಿ ಎಂದರ್ಥವಂತೆ.

ಕಾಸಾರಶಿರಸಿಗೆ ಹೋಗುವ ಕೆಂಪು ಬಸ್ಸು ಹತ್ತಿದೆವು. ಮಹಾರಾಷ್ಟ್ರದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಪರದೇಶದವಳಿಗೆ ಹೇಗೆಂದು ಕಂಡಕ್ಟರನನ್ನು ಕೇಳಿದೆ. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಾಯಿ ಆಹೆ ನಾ? ಮಗ್ ಅರ್ಧಂಚ್," ಎಂದ. ಹೆಂಗಸು ತಾನೇ, ಹಾಗಾದರೆ ಅರ್ಧವೇ ಎಂಬ ಈ ನ್ಯಾಯವನ್ನು ಇಂಗ್ಲಿಷಿಗೆ ತಿರುಗಿಸಿದಾಗ ಚಿಕೊಂಡಿ ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕಳು. ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ಕರಿ ಎರೆಭೂಮಿಯಲ್ಲಿ ಕಾಯಿ ಬಲಿತ ತೊಗರಿ ನಿಂತಿತ್ತು. ಅವಳು ಕಿಟಕಿಗೆ ಹಣೆ ಹಚ್ಚಿ, "ನಂಡೋಲೊ!" ಎಂದು ಕೂಗಿದಳು. ಅವರ ಊರಿನಲ್ಲೂ ತೊಗರಿಯೇ ಬೆಳೆಯಂತೆ.

ಕಾಸಾರಶಿರಸಿಯಿಂದ ಐದಾರು ಕಿಲೋಮೀಟರ್ ಒಳಗಿನ ಒಂದು ಹಳ್ಳಿಯಲ್ಲಿ ಶಾಂತಾಬಾಯಿ ನಮಗಾಗಿ ಕಾದಿದ್ದರು. ಒಕ್ಕಲುತನದ ಲಿಂಗಾಯತರ ಮನೆಯವರು. ಹತ್ತು ವರ್ಷದಿಂದ ಮಂಡಳದ ಪರವಾಗಿ ಬಸುರಿ, ಬಾಣಂತಿಯರ ಮನೆ ಮನೆ ತಿರುಗುವವರು. ಮರುದಿನ ಎಳ್ಳ ಅಮಾವಾಸ್ಯೆ. ಆ ದಿನ ಇಲ್ಲಿ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಶಾಂತಾಬಾಯಿಯ ಹೊಲದಲ್ಲಿ, ಜೋಳದ ದಂಟಿನಿಂದ ಕಟ್ಟಿದ ಕೊಪ್ಪಿ ಎಂಬ ಪುಟ್ಟ ಗುಡಿಸಲಲ್ಲಿ ಭೂತಾಯಿಗೆ ಪೂಜೆ ಮಾಡಿ ಊಟಕ್ಕೆ ಕುಳಿತೆವು. ಸಜ್ಜಿ ರೊಟ್ಟಿ, ಹಸಿ ಕಾಳುಗಳ ಭಜ್ಜಿ ಪಲ್ಯ, ಮಣ್ಣಿನ ಗಡಿಗೆಯಿಂದ ತಣ್ಣನೆಯ ಅಂಬಲಿ. ಮೂವತ್ತು ಜನರಾದರೂ ಇದ್ದೆವು. ಚಿಕೊಂಡಿ ರೊಟ್ಟಿ ಮುರಿಯುವುದನ್ನು ಬಿಟ್ಟು ಬದುವಿನ ಆಚೆ ನೋಡುತ್ತಿದ್ದಳು. ಅಲ್ಲಿ ಕುರಿಗಳ ನಡುವೆ ಒಬ್ಬ ಹುಡುಗಿ ಮಡಿಸಿದ ಗೋಣಿಚೀಲದ ಮೇಲೆ ಒಬ್ಬಳೇ ಕುಳಿತಿದ್ದಳು.

"ಅವಳು ಯಾಕೆ ಇಲ್ಲಿ ಬರುವುದಿಲ್ಲ?" ಎಂದು ಕೇಳಿದಳು.

ಶಾಂತಾಬಾಯಿ ದನಿ ತಗ್ಗಿಸಿದರು. "ಆಕಿ ಬೀರವ್ವ ರೀ, ಕುರುಬರ ಹುಡುಗಿ. ಗಂಡನ ಮನ್ಯಾಗಿಂದ ಹೊಳ್ಳಿ ಬಂದಾಳ. ಏನೋ ಉಚ್ಚಿ ಬ್ಯಾನಿ ಅಂತಾರ. ಕರದರೂ ಬರಂಗಿಲ್ಲ."

ಚಿಕೊಂಡಿ ತನ್ನ ತಟ್ಟೆ ಎತ್ತಿಕೊಂಡು ಬದು ದಾಟಿದಳು. ನಾನೂ ಹಿಂದೆ ಹೋದೆ. ಹತ್ತಿರವಾದಂತೆ ಮೂತ್ರದ ವಾಸನೆ ಬಂತು. ಬೀರವ್ವ ಗಾಬರಿಯಾಗಿ ಏಳಹೋದಳು, ಎದ್ದರೆ ಸೀರೆಯ ಒದ್ದೆ ಕಾಣುತ್ತದೆಂದು ಹಾಗೇ ಕುಳಿತಳು. ಚಿಕೊಂಡಿ ಅವಳ ಪಕ್ಕದ ಮಣ್ಣಿನಲ್ಲೇ ಕುಳಿತು ನನಗೆ ಹೇಳಿದಳು: "ನಾನು ಹೇಳುವುದನ್ನೆಲ್ಲ ಹೇಳಿ. ಒಂದು ಮಾತನ್ನೂ ಬಿಡಬೇಡಿ."

ಹದಿನೇಳನೇ ವಯಸ್ಸಿನಲ್ಲಿ ಚಿಕೊಂಡಿಗೆ ಮೊದಲ ಹೆರಿಗೆ. ಮೂರು ದಿನ ನೋವು ತಿಂದಳು. ಎತ್ತಿನ ಗಾಡಿಯಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಅಂದಿನಿಂದ ಮೂತ್ರ ನಿಲ್ಲಲಿಲ್ಲ, ಹಗಲೂ ರಾತ್ರಿ ಸೋರುತ್ತಿತ್ತು. ಗಂಡ ಬಿಟ್ಟ. ಎರಡು ವರ್ಷ ತಾಯಿಯ ಅಡುಗೆಕೋಣೆಯ ಹಿಂದೆ ಕುಳಿತಳು. ಒಳಗೆ ಹರಿದಿರುವುದನ್ನು ಹೊಲಿಯಬಹುದು ಎಂದು ಯಾರೋ ಹೇಳಿದಾಗ, ಊರಿನ ಹೆಂಗಸರು ಕೂಡಿ ಅವಳನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸಿದರು. ಗುಣವಾದ ಮೇಲೆ ಓದಿಸಿದರು. ಈಗ ಇಂಥ ಹೆಣ್ಣುಮಕ್ಕಳನ್ನು ಹುಡುಕಿ ಕರೆದೊಯ್ಯುವುದೇ ಅವಳ ಕೆಲಸ.

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬೀರವ್ವ ನೆಲ ನೋಡುತ್ತಲೇ ಕೇಳಿದಳು. ಕಡೆಗೆ ನನ್ನನ್ನು ನೋಡಿ, "ಈಗ ಒಣಗ್ಯಾಳೇನ್ರೀ ಆಕಿ?" ಎಂದಳು.

ಈ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದೆ. ಚಿಕೊಂಡಿ ಎದ್ದು ನಿಂತು, ಆ ತಿಳಿಹಳದಿ ಬಟ್ಟೆಯ ಹಿಂಭಾಗ ಕಾಣುವಂತೆ ನಿಧಾನವಾಗಿ ತಿರುಗಿದಳು. ಮಣ್ಣು ಮೆತ್ತಿತ್ತು. ಬೇರೆ ಕಲೆ ಇರಲಿಲ್ಲ. ಬೀರವ್ವ ಕೈ ಚಾಚಿ ಬಟ್ಟೆ ಮುಟ್ಟಿ ನೋಡಿದಳು. ಆಮೇಲೆ ಬಾಯಿಗೆ ಸೆರಗಿಟ್ಟು ಅತ್ತಳು.

ಅವಳ ಕೂಸೂ ಹೆರಿಗೆಯಲ್ಲೇ ಹೋಗಿತ್ತು. ಮೂರು ವರ್ಷವಾಗಿತ್ತು. ಅಷ್ಟೂ ವರ್ಷ ಶಾಂತಾಬಾಯಿ ಆ ಮನೆಯ ಮುಂದೆ ಹಾದುಹೋಗಿದ್ದರು. ನಾನೂ ನೌಕರಿಯಲ್ಲಿ ಎಷ್ಟು ಬೀರವ್ವಂದಿರ ಮನೆ ಮುಂದೆ ಹಾದುಹೋದೆನೋ. ಬಸುರಿ ಇದ್ದಾಳಾ, ಬಾಣಂತಿ ಇದ್ದಾಳಾ ಎಂದು ಕೇಳಿದೆವೇ ಹೊರತು, ಕೂಸು ಕಳೆದುಕೊಂಡವಳ ಮೈ ಹೇಗಿದೆ ಎಂದು ಕೇಳಲಿಲ್ಲ.

ಬೀರವ್ವನನ್ನು ಉದಗೀರದ ದವಾಖಾನೆಗೆ ಕರೆದೊಯ್ಯೋಣವೆಂದಾಗ, ಊಟಕ್ಕೆ ಬಂದಿದ್ದ ಅವಳ ತಂದೆ ನಿಂಗಪ್ಪ ಒಪ್ಪಲಿಲ್ಲ. "ಮಂದಿಗೆ ಗೊತ್ತಾದ್ರ ಮಾನ ಹೋಗ್ತದ," ಎಂದ. ಆದರೆ ತಾಯಿ ಮಾಳವ್ವ ಅಂಬಲಿ ಗಡಿಗೆ ಕೆಳಗಿಟ್ಟು ಎದ್ದಳು. "ಮಾನ ಕಾಯಾಕ ಮೂರ ವರ್ಷ ನನ್ನ ಮಗಳನ್ನ ಕುರಿ ಸಂಗಾಟ ಕೂಡ್ರಸೀನಿ. ಇನ್ನ ನೀವು ಕುರಿ ಕಾಯ್ರಿ. ನಾ ಹೋಗ್ತೀನಿ," ಎಂದಳು.

ಮೂರನೇ ದಿನ ನಿಲಂಗಾ ಮೂಲಕ ಉದಗೀರಕ್ಕೆ ಹೊರಟೆವು. ಬೀರವ್ವನಿಗೆ ಬಸ್ಸಿನ ಭಯ. ಹಿಂದೊಮ್ಮೆ ವಾಸನೆಯೆಂದು ಅವಳನ್ನು ನಡುದಾರಿಯಲ್ಲಿ ಇಳಿಸಿದ್ದರಂತೆ. ಅದಕ್ಕೆ ಶಾಂತಾಬಾಯಿ ಊರಿನ ನಾಲ್ಕು ಹೆಂಗಸರನ್ನು ಕರೆತಂದಿದ್ದರು. ಅವಳನ್ನು ಕಿಟಕಿಗೆ ಕೂಡಿಸಿ ಸುತ್ತ ನಾವು ಕುಳಿತೆವು. ನಿಲಂಗಾದಲ್ಲಿ ಇಳಿದು ಚಹಾ ಕುಡಿದು, ಬಿಸಿ ಮಿರ್ಚಿ ಭಜಿ ತಿಂದು ಬೇರೆ ಬಸ್ಸು ಹಿಡಿದೆವು. ಅಲ್ಲಿಂದ ಉದಗೀರಕ್ಕೆ ಎರಡು ತಾಸಿನ ದಾರಿ. ಔರಾದ ಶಹಾಜನಿ ದಾಟಿದ ಮೇಲೆ, ಮುಂದಿನ ಸೀಟಿನ ಬಿಳಿ ಟೋಪಿಯ ಯಜಮಾನರು ಮೂಗಿಗೆ ಕರವಸ್ತ್ರ ಹಿಡಿದು, ಇದೇನು ವಾಸನೆ ಎಂದು ಮರಾಠಿಯಲ್ಲಿ ಕೇಳಿದರು. ಬೀರವ್ವ ಕುಗ್ಗಿದಳು.

ಶಾಂತಾಬಾಯಿ ಎದ್ದು ನಿಂತರು. "ಆಜಾರಾಚಾ ವಾಸ್ ಆಹೆ, ದಾದಾ. ಬಾಳಂತಪಣಾತ್ ಝಾಲಂ. ದವಾಖಾನ್ಯಾತ್ ಚಾಲಲೋ ಆಹೋತ್." ರೋಗದ ವಾಸನೆ, ಹೆರಿಗೆಯಲ್ಲಿ ಆದದ್ದು, ದವಾಖಾನೆಗೆ ಹೊರಟಿದ್ದೇವೆ. ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. ಯಜಮಾನರು ತಮ್ಮ ಕಿಟಕಿಯನ್ನು ಸರಿಸಿ, ಕೈಚೀಲದಿಂದ ಎರಡು ಪೇರಲ ಹಣ್ಣು ತೆಗೆದು ಹಿಂದಕ್ಕೆ ಕೊಟ್ಟರು. ಬಚ್ಚಿಟ್ಟಿದ್ದ ಮಾತೊಂದು ಹೀಗೆ ತುಂಬಿದ ಬಸ್ಸಿನಲ್ಲಿ ತಲೆಯೆತ್ತಿ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇವರೆಲ್ಲ ನನ್ನ ಸೀಮೆಯ ಹೆಂಗಸರು ಎಂದು ಹೆಮ್ಮೆಯಾಯಿತು.

ಉದಗೀರದ ದವಾಖಾನೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಮೂತ್ರಚೀಲಕ್ಕೆ ರಂಧ್ರ ಬಿದ್ದಿದೆ, ಮುಚ್ಚಬಹುದು ಎಂದರು. ಶಸ್ತ್ರಚಿಕಿತ್ಸೆ ಐದು ದಿನ ಬಿಟ್ಟು. ಚಿಕೊಂಡಿಗೆ ಉಳಿದ ದಿನಗಳಲ್ಲಿ ಅಜಂತಾ ತೋರಿಸಬೇಕೆಂದು ಮಂಡಳದವರು ಗೊತ್ತುಮಾಡಿದ್ದರು. "ಆ ಚಿತ್ರಗಳು ಇಷ್ಟು ಕಾಲ ಇದ್ದವು, ಇನ್ನೂ ಇರುತ್ತವೆ," ಎಂದು ಅವಳು ವಾರ್ಡಿನಲ್ಲೇ ಉಳಿದಳು. ಬೀರವ್ವನ ತಲೆ ಬಾಚಿದಳು, ಅವಳಿಂದ ಕುರಿ ಕರೆಯುವ ಕೂಗು ಕಲಿತಳು. ಶಸ್ತ್ರಚಿಕಿತ್ಸೆಯ ಮೂರನೇ ದಿನ ಅವಳು ಹೊರಡಬೇಕಾಯಿತು. ಆಗ ಇನ್ನೂ ಮೂತ್ರದ ನಳಿಕೆ ಹಾಕಿದ್ದರು, ಗುಣವಾಯಿತೋ ಇಲ್ಲವೋ ಹೇಳುವಂತಿರಲಿಲ್ಲ. ಬಾಗಿಲಲ್ಲಿ ನನಗೆ ಹೇಳಿದಳು: "ಮೈ ಗಟ್ಟಿಯಾಗದ ಹೆಣ್ಣಿಗೆ ಧೈರ್ಯದ ಮಾತು ಹೇಳಿ ಉಪಯೋಗವಿಲ್ಲ. ಮೊದಲು ಮೈ. ಧೈರ್ಯ ತಾನಾಗಿ ಬರುತ್ತದೆ."

ಶಾಂತಾಬಾಯಿ, ಆ ಹೆಂಗಸರು ಊರಿಗೆ ಮರಳಿದ್ದರು. ನಾನು ಉದಗೀರದಲ್ಲೇ ಶಾಂತಾಬಾಯಿಯ ತಂಗಿಯ ಮನೆಯಲ್ಲಿ ಉಳಿದೆ. ಎರಡು ಸೀರೆಯಲ್ಲಿ ಬಂದವಳು ಉದಗೀರದ ಪೇಟೆಯಲ್ಲಿ ಮತ್ತೆರಡು ಕೊಂಡೆ. ಮೂರು ವಾರದ ಮೇಲೆ ನಳಿಕೆ ತೆಗೆದರು. ಡಾಕ್ಟರಮ್ಮ ಒಂದು ತಾಸು ಕಾಯಲು ಹೇಳಿದರು. ಒಂದು ತಾಸಾಯಿತು, ಎರಡಾಯಿತು. ಮಾಳವ್ವ ಐದು ನಿಮಿಷಕ್ಕೊಮ್ಮೆ ಹಾಸಿಗೆ ಮುಟ್ಟಿ ನೋಡುತ್ತಿದ್ದಳು. ಬಿಳಿ ಚಾದರ ಒಣಗಿಯೇ ಇತ್ತು. "ಬೀರಪ್ಪಾ!" ಎಂದು ಆಕೆ ಕುಲದೇವರನ್ನು ಕೂಗಿ ನೆಲಕ್ಕೆ ಕುಸಿದು ಕೈ ಮುಗಿದಳು.

ಎರಡು ದಿನದ ಮೇಲೆ ಮನೆಗೆ ಹೋಗಬಹುದೆಂದರು. ಮೂವರೂ ಬಸ್‌ಸ್ಟ್ಯಾಂಡಿಗೆ ಬಂದೆವು. ನನ್ನ ಬಸ್ಸು ಮೊದಲು ಬಂತು. ನಾನು ಹತ್ತಿ ಕುಳಿತಾಗ ಕೆಳಗೆ ತಾಯಿ ಮಗಳು ವಾದಿಸುತ್ತಿದ್ದರು.

"ಅವ್ವಾ, ಇಲ್ಲಿ ಕೋಟಿ ಅದ ಅಂತ. ನಾ ನೋಡಬೇಕು."

"ಕೋಟಿ ನೋಡಿ ಏನ್ ಮಾಡ್ತೀ? ನಿಲಂಗಾ ಗಾಡಿ ತಪ್ಪತದ."

"ತಪ್ಪಲಿ. ಇನ್ನೊಂದ ಬರತದ."

ನನ್ನ ಬಸ್ಸು ಗೇಟು ದಾಟುವಾಗ ತಿರುಗಿ ನೋಡಿದೆ. ಬೀರವ್ವ ಒಬ್ಬ ಅಂಗಡಿಯವನ ಹತ್ತಿರ ನಿಂತು ಕೋಟೆಯ ದಾರಿ ಕೇಳುತ್ತಿದ್ದಳು. ಅವನು ಕೈ ತೋರಿಸಿದ ಕಡೆಗೆ ನಿಧಾನವಾಗಿ, ಬಿಸಿಲಲ್ಲಿ, ರಸ್ತೆಯ ನಟ್ಟನಡುವೆ ನಡೆದಳು. ಮಾಳವ್ವ ಗೊಣಗುತ್ತಾ ಗಂಟು ಹೊತ್ತು ಮಗಳ ಹಿಂದೆ ಹೋದಳು.